ಪಿಎಚ್‌ಡಿ ಸಂದರ್ಶನದಲ್ಲಿ ಮೊದಲ ಸಲ ಮೇಜಿನ ಈಚೆ ಕೂರುವವರಿಗೆ

ಪಿಎಚ್‌ಡಿ ಪ್ರವೇಶದ ನೋಟಿಫಿಕೇಷನ್ ಬಂತು ಅಂದರೆ ನನಗೆ ಫೋನ್ ಶುರುವಾಗುತ್ತದೆ. ಅರ್ಜಿ ಹಾಕುವವರದ್ದು ಇರಲಿ, ಅವರಿಗೆ ಹೇಳಿಕೊಡಲು ಹತ್ತಾರು ಜನ ಇದ್ದಾರೆ. ಈಚೆಗೆ ಜಾಸ್ತಿ ಬರುತ್ತಿರುವುದು ಹೊಸದಾಗಿ ಗೈಡ್‌ಶಿಪ್, ಅಂದರೆ ಪಿಎಚ್‌ಡಿಗೆ ಮಾರ್ಗದರ್ಶನ ಮಾಡುವ ಮಾನ್ಯತೆ, ಸಿಕ್ಕ ಅಧ್ಯಾಪಕರ ಫೋನ್. "ಮೇಡಂ, ಆಯ್ಕೆ ಸಮಿತಿಯಲ್ಲಿ ನನ್ನ ಹೆಸರಿದೆ. ಏನು ಕೇಳಲಿ? ಸಂದರ್ಶನದ ಮೂವತ್ತು ಅಂಕಕ್ಕೆ ಎಷ್ಟು ಹಾಕಲಿ? ಆಮೇಲೆ ಯಾರಾದ್ರೂ ತಕರಾರು ತೆಗೆದರೆ?" ಎಲ್ಲರದ್ದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ. ನಮಗೆ ಯಾರೂ ಇದನ್ನು ಕಲಿಸಲಿಲ್ಲ, ಅಲ್ವಾ? ಒಬ್ಬರ ಮುಂದಿನ ಐದಾರು ವರ್ಷವನ್ನು ಹದಿನೈದು ನಿಮಿಷದಲ್ಲಿ ತೀರ್ಮಾನ ಮಾಡುವ ಕೆಲಸಕ್ಕೆ ಸೀದಾ ಕೂರಿಸಿಬಿಡುತ್ತಾರೆ.

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಸಮಾಜ ವಿಜ್ಞಾನ ಮತ್ತು ಮಾನವಿಕ ವಿಭಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ವಿಜ್ಞಾನದವರಿಗೂ ಬಹುಪಾಲು ಹೊಂದುತ್ತದೆ.

ಸಂದರ್ಶನಕ್ಕೆ ಕನಿಷ್ಠ ಒಂದು ವಾರ ಮೊದಲು ಇವು ನಿಮ್ಮ ಕೈಯಲ್ಲಿರಲಿ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮಾವಳಿ, ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌ಡಿ ನಿಯಮ, ಈ ವರ್ಷದ ನೋಟಿಫಿಕೇಷನ್, ವಿಭಾಗದ ರೋಸ್ಟರ್ (ಯಾವ ಸೀಟು ಯಾವ ಪ್ರವರ್ಗಕ್ಕೆ ಅನ್ನುವ ಪಟ್ಟಿ), ಪ್ರತಿ ಗೈಡ್ ಹತ್ತಿರ ಈಗ ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕ. ಇವು ಸಿಗದಿದ್ದರೆ ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಕೇಳಿ ತಗೊಳ್ಳಿ. ಸಂಕೋಚ ಬೇಡ.

1. ಸೀಟು ನಿಜವಾಗಿ ಎಷ್ಟಿವೆ, ಎಣಿಸಿ

ನೋಟಿಫಿಕೇಷನ್‌ನಲ್ಲಿ 12 ಅಂತ ಇರುತ್ತದೆ. ಕೂತು ಎಣಿಸಿದರೆ 9 ಇರುತ್ತವೆ. ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಕಾಲಕ್ಕೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಗೈಡ್ ಆಗಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಈ ಎರಡನೆಯದನ್ನು ಮರೆಯುವವರು ಜಾಸ್ತಿ. ಹಿರಿಯರೊಬ್ಬರ ಹೆಸರಲ್ಲಿ ಮೂರು ಸೀಟು ತೋರಿಸಿ, ಹುಡುಗರನ್ನು ಆಯ್ಕೆ ಮಾಡಿ, ರಿಜಿಸ್ಟ್ರೇಷನ್ ಹೊತ್ತಿಗೆ ಆಗಲ್ಲ ಅಂತ ವಾಪಸ್ ಕಳಿಸಿದರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ಅಷ್ಟರಲ್ಲಿ ಬೇರೆ ಕಡೆಯ ಪ್ರವೇಶವೂ ಮುಗಿದಿರುತ್ತದೆ.

ರೋಸ್ಟರನ್ನೂ ಆಗಲೇ ನೋಡಿ. ಕಲ್ಯಾಣ ಕರ್ನಾಟಕದ 371ಜೆ ಸೀಟು (ಸಂವಿಧಾನದ ಆ ವಿಧಿಯಡಿ ಆ ಭಾಗದವರಿಗೆ ಮೀಸಲಾದದ್ದು) ಇದೆಯೇ, ಹಿಂದಿನ ವರ್ಷ ತುಂಬದೆ ಉಳಿದದ್ದು ಇದೆಯೇ, ಎಲ್ಲ ಬರೆದುಕೊಳ್ಳಿ. ಇನ್ನೊಂದು ಮಾತು. ಯಾವ ವಿನಾಯಿತಿಯನ್ನೂ ಪಡೆಯದೆ ಜನರಲ್ ಮೆರಿಟ್‌ನಲ್ಲೇ ಸೀಟು ಸಿಗುವಷ್ಟು ಅಂಕ ತಂದ ಪರಿಶಿಷ್ಟ ಅಥವಾ ಹಿಂದುಳಿದ ವರ್ಗದ ಅಭ್ಯರ್ಥಿಯನ್ನು ಮೀಸಲು ಸೀಟಿಗೆ ತಳ್ಳಬಾರದು. ಹಾಗೆ ತಳ್ಳಿದರೆ ಆ ಪ್ರವರ್ಗದ ಇನ್ನೊಬ್ಬರ ಸೀಟು ಹೋಗುತ್ತದೆ.

2. ಅರ್ಹತೆ ನೋಡೋದು

ಇದು ಗುಮಾಸ್ತರ ಕೆಲಸ ಅಂತ ಬಿಡಬೇಡಿ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರು, ಇವರಿಗೆ ಶೇ 5 ಸಡಿಲಿಕೆ. ನಾಲ್ಕು ವರ್ಷದ ಪದವಿ ಮುಗಿಸಿದವರು ಸ್ನಾತಕೋತ್ತರ ಇಲ್ಲದೆಯೂ ಬರಬಹುದು, ಆದರೆ ಶೇ 75 ಇರಬೇಕು.

ಜಾರುವ ಜಾಗ ಮೂರು. ಒಂದು, 54.8 ಇದ್ದವರನ್ನು ಕನಿಕರದಿಂದ 55 ಅಂತ ಮಾಡೋದು. ನಿಮ್ಮ ನಿಯಮದಲ್ಲಿ ಹಾಗೆ ಬರೆದಿಲ್ಲದಿದ್ದರೆ ಮಾಡಬೇಡಿ, ಯಾಕೆಂದರೆ ಅದೇ 54.8 ಇದ್ದು ಅರ್ಜಿಯನ್ನೇ ಹಾಕದೆ ಸುಮ್ಮನಾದವರು ಎಷ್ಟೋ ಜನ ಇರುತ್ತಾರೆ. ಎರಡು, ಶೇಕಡಾ ಮಾಡಲು ಸಿಜಿಪಿಎಯನ್ನು (ಗ್ರೇಡ್ ಅಂಕದ ಸರಾಸರಿ) ಹತ್ತರಿಂದ ಗುಣಿಸಿಬಿಡೋದು. ಪ್ರತಿ ವಿಶ್ವವಿದ್ಯಾಲಯಕ್ಕೂ ಅದರದ್ದೇ ಸೂತ್ರ ಇರುತ್ತದೆ, ಅಂಕಪಟ್ಟಿಯ ಹಿಂಬದಿಯಲ್ಲಿ ಹುಡುಕಿ. ಮೂರು, ಪಾರ್ಟ್‌ಟೈಮ್ ಅಭ್ಯರ್ಥಿಗಳ ಎನ್‌ಓಸಿ, ಅಂದರೆ ಕೆಲಸ ಮಾಡುವ ಕಡೆಯಿಂದ ತರಬೇಕಾದ ಒಪ್ಪಿಗೆ ಪತ್ರ. ಸುಮ್ನೆ "ನಮ್ಮ ಆಕ್ಷೇಪಣೆ ಇಲ್ಲ" ಅಂದರೆ ಸಾಲದು. ಓದಲು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ (ಪಿಎಚ್‌ಡಿ ಶುರುವಿನಲ್ಲಿ ಮುಗಿಸಬೇಕಾದ ತರಗತಿಗಳು) ಬೇಕಾದರೆ ಬಿಡುಗಡೆ ಮಾಡುತ್ತೇವೆ ಅಂತ ಅದರಲ್ಲಿ ಇರಬೇಕು. ಪಿಯು ಕಾಲೇಜಿನ ಎಷ್ಟೋ ಉಪನ್ಯಾಸಕರು ಇದೇ ಒಂದು ಸಾಲು ಇಲ್ಲದೆ ಕೋರ್ಸ್‌ವರ್ಕ್ ಹೊತ್ತಿಗೆ ಒದ್ದಾಡುತ್ತಾರೆ. ಪತ್ರ ಸರಿ ಇಲ್ಲದಿದ್ದರೆ ಸಂದರ್ಶನಕ್ಕೆ ಮೊದಲೇ ತಿಳಿಸಿ, ಸರಿ ಮಾಡಿಸಿಕೊಂಡು ಬರಲಿ.

3. ಯಾರಿಗೆ ಯಾವ ಲೆಕ್ಕ

ಇಲ್ಲಿ ಗೊಂದಲ ಜಾಸ್ತಿ, ನಿಧಾನವಾಗಿ ಓದಿ. ವಿಶ್ವವಿದ್ಯಾಲಯದ್ದೇ ಪ್ರವೇಶ ಪರೀಕ್ಷೆ ಬರೆದು ಬಂದವರಿಗೆ ಪರೀಕ್ಷೆಗೆ 70, ಸಂದರ್ಶನಕ್ಕೆ 30. ಆ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನದ ಪ್ರಶ್ನೆ, ಇನ್ನರ್ಧ ವಿಷಯದ್ದು. ಶೇ 50 ತೆಗೆದವರು ಸಂದರ್ಶನಕ್ಕೆ ಅರ್ಹರು, ಮೀಸಲು ಪ್ರವರ್ಗಗಳಿಗೆ ಇಲ್ಲೂ ಶೇ 5 ಸಡಿಲಿಕೆ ಇದೆ.

ನೆಟ್, ಅಂದರೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ಮೂಲಕ ಬರುವವರಲ್ಲಿ ಮೂರು ಬಗೆ. 2024ರ ಮಾರ್ಚ್‌ನಲ್ಲಿ ಯುಜಿಸಿ ಇದನ್ನು ಬಿಡಿಸಿ ಹೇಳಿತು. ಜೆಆರ್‌ಎಫ್ ಆದವರು, ಅಂದರೆ ಫೆಲೋಶಿಪ್ ಸಮೇತ ಪಾಸಾದವರು, ಮೊದಲ ಬಗೆ. ಇವರಿಗೆ ಸಂದರ್ಶನ ಮಾತ್ರ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೂ ಪಿಎಚ್‌ಡಿಗೂ ಅರ್ಹರಾದವರು ಎರಡನೆಯ ಬಗೆ, ಪಿಎಚ್‌ಡಿಗೆ ಮಾತ್ರ ಅರ್ಹರಾದವರು ಮೂರನೆಯ ಬಗೆ. ಈ ಇಬ್ಬರಿಗೂ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30. ಇವರ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ, ತಾರೀಖು ನೋಡಿ.

ಎಡವೋದು ಎಲ್ಲಿ ಅಂದರೆ, ನೆಟ್ ಫಲಿತಾಂಶದಲ್ಲಿ ಅಂಕವೂ ಇರುತ್ತದೆ, ಪರ್ಸೆಂಟೈಲೂ ಇರುತ್ತದೆ. ಪರ್ಸೆಂಟೈಲ್ ಅಂದರೆ ಶೇಕಡಾವಾರು ಅಂಕ ಅಲ್ಲ. ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿಮಗಿಂತ ಹಿಂದಿದ್ದಾರೆ ಅನ್ನುವುದು. ಒಬ್ಬರಿಗೆ 300ಕ್ಕೆ 174 ಅಂಕ, ಪರ್ಸೆಂಟೈಲ್ 95 ಅಂತ ಇದೆ ಅಂದುಕೊಳ್ಳಿ. ಅಂಕ ಹಿಡಿದರೆ 70ಕ್ಕೆ 40.6 ಬರುತ್ತದೆ. ಪರ್ಸೆಂಟೈಲ್ ಹಿಡಿದರೆ 66.5. ಸುಮಾರು 26 ಅಂಕದ ವ್ಯತ್ಯಾಸ! ಒಂದೇ ಪಟ್ಟಿಯಲ್ಲಿ ಕೆಲವರಿಗೆ ಅದು, ಕೆಲವರಿಗೆ ಇದು ಹಾಕಿದರೆ ಏನಾಗುತ್ತದೆ ನೀವೇ ಯೋಚಿಸಿ. ಪ್ರವೇಶಕ್ಕೆ ಬಳಸಲಿ ಅಂತಲೇ ಅಂಕವನ್ನೂ ಕೊಡುತ್ತಾರೆ.

ಇನ್ನು ಜೆಆರ್‌ಎಫ್ ಆದವರನ್ನೂ ಉಳಿದವರನ್ನೂ ಒಂದೇ ಪಟ್ಟಿಗೆ ಹೇಗೆ ತರುತ್ತೀರಿ? ಒಬ್ಬರದ್ದು ಸಂದರ್ಶನದ ಅಂಕ ಮಾತ್ರ, ಇನ್ನೊಬ್ಬರದ್ದು 70 ಪ್ಲಸ್ 30. ಇದಕ್ಕೆ ಯಾವ ಸೀಟು ಯಾರಿಗೆ ಅಂತ ನೋಟಿಫಿಕೇಷನ್‌ನಲ್ಲೇ ಹೇಳಿರಬೇಕು. ಹೇಳಿಲ್ಲದಿದ್ದರೆ ಸಂದರ್ಶನದ ದಿನ ನೀವು ಹೊಸ ಸೂತ್ರ ಕಟ್ಟಬೇಡಿ. ರಿಜಿಸ್ಟ್ರಾರ್ ಕಚೇರಿಯಿಂದ ಲಿಖಿತವಾಗಿ ಕೇಳಿ ತರಿಸಿಕೊಳ್ಳಿ.

4. ಅಂಕದ ಹಾಳೆ ಮೊದಲೇ ಮಾಡಿಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಅಭ್ಯರ್ಥಿಯ ಮುಖ ನೋಡುವ ಮೊದಲು, ಏನಕ್ಕೆ ಎಷ್ಟು ಅಂಕ ಅಂತ ಸಮಿತಿಯವರೆಲ್ಲ ಕೂತು ಬರೆದುಕೊಳ್ಳಬೇಕು. ಬರೆದುಕೊಳ್ಳದಿದ್ದರೆ ನಾವು ಅಂಕ ಹಾಕೋದು ಮಾತಿನ ಠೀವಿಗೆ, ಬಟ್ಟೆಗೆ, ಓದಿದ ಕಾಲೇಜಿನ ಹೆಸರಿಗೆ. ಬೇಕಂತ ಯಾರೂ ಹಾಗೆ ಮಾಡುವುದಿಲ್ಲ, ಆದರೂ ಆಗಿಬಿಡುತ್ತದೆ.

ನಾನು ಬಳಸುವ ಹಾಳೆ ಹೀಗಿದೆ. ಸಂಶೋಧನೆಯ ಪ್ರಶ್ನೆ ಕಟ್ಟುವ ಶಕ್ತಿಗೆ 8. ವಿಷಯದ ಬುಡ ಗಟ್ಟಿ ಇದೆಯೇ ಅನ್ನೋದಕ್ಕೆ 8. ಉತ್ತರ ಹುಡುಕುವ ದಾರಿ ಗೊತ್ತಿದೆಯೇ ಅನ್ನೋದಕ್ಕೆ 8. ಈ ಕೆಲಸ ನಮ್ಮ ವಿಭಾಗದಲ್ಲಿ ಆಗುತ್ತದೆಯೇ, ಗೈಡ್ ಇದ್ದಾರೆಯೇ, ಮಾಹಿತಿ ಸಿಗುತ್ತದೆಯೇ ಅನ್ನೋದಕ್ಕೆ 6. ನಿಮ್ಮ ವಿಶ್ವವಿದ್ಯಾಲಯ ಬೇರೆ ಹಾಳೆ ಕೊಟ್ಟಿದ್ದರೆ ಅದನ್ನೇ ಬಳಸಿ.

ಬರೀ ತಲೆಬರಹ ಸಾಲದು. 2 ಅಂದರೆ ಏನು, 5 ಅಂದರೆ ಏನು, 8 ಅಂದರೆ ಏನು ಅಂತಲೂ ಬರೆಯಿರಿ. ಪ್ರಶ್ನೆ ಕಟ್ಟುವುದನ್ನೇ ತೆಗೆದುಕೊಳ್ಳಿ. ಶೀರ್ಷಿಕೆಯನ್ನೇ ತಿರುಗಿ ಮುರುಗಿ ಹೇಳಿದರೆ 2. ಏನು ತಿಳಿಯಬೇಕು ಅಂತ ಹೇಳಿ, ಅದು ಯಾಕೆ ಇನ್ನೂ ತಿಳಿದಿಲ್ಲ ಅಂತ ಹೇಳಲು ಆಗದಿದ್ದರೆ 5. ಇಲ್ಲಿಯವರೆಗೆ ಏನು ಗೊತ್ತು, ಏನು ಗೊತ್ತಿಲ್ಲ, ತನ್ನ ಊಹೆ ತಪ್ಪಾದರೆ ಅದು ಹೇಗೆ ಗೊತ್ತಾಗುತ್ತದೆ, ಇಷ್ಟನ್ನೂ ಹೇಳಿದರೆ 8.

5. ಸಿನಾಪ್ಸಿಸ್ ಓದಿ, ಆಮೇಲೆ ಪಕ್ಕಕ್ಕಿಡಿ

ಸಿನಾಪ್ಸಿಸ್ ಅಂದರೆ ತಾನು ಮಾಡಲಿರುವ ಸಂಶೋಧನೆಯ ರೂಪರೇಖೆ. ಹಿಂದಿನ ದಿನ ಎಲ್ಲವನ್ನೂ ಓದಿ, ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಬರೆದಿಟ್ಟುಕೊಳ್ಳಿ. ಆದರೆ ಅಂಕ ಪೂರ್ತಿ ಅದಕ್ಕೇ ಹಾಕಬೇಡಿ. ದುಡ್ಡು ಕೊಟ್ಟರೆ ಬರೆದುಕೊಡುವವರಿದ್ದಾರೆ, ಈಗ ಎಐ ಕೂಡ ಬರೆದುಕೊಡುತ್ತದೆ. ಅದನ್ನು ಹಿಡಿಯೋಕೆ ದೊಡ್ಡ ಉಪಾಯ ಏನೂ ಬೇಡ. "ಫೈಲ್ ಮುಚ್ಚಿಡಿ, ನಿಮ್ಮ ಊರಿನವರಿಗೆ ಹೇಳೋ ಹಾಗೆ ಹೇಳಿ, ಏನು ಮಾಡಬೇಕು ಅಂತಿದೀರಿ?" ಅನ್ನಿ. ಆಮೇಲೆ, ಓದಿದ ಒಂದು ಲೇಖನದಲ್ಲಿ ತನಗೆ ಒಪ್ಪಿಗೆಯಾಗದ ಮಾತು ಯಾವುದು ಅಂತ ಕೇಳಿ. ನಿಜವಾಗಿ ಓದಿದವರು ಯೋಚಿಸಿಯಾದರೂ ಏನಾದರೂ ಹೇಳುತ್ತಾರೆ.

ನಮ್ಮಲ್ಲಿ ವರ್ಷ ವರ್ಷವೂ ಬರುವ ಒಂದು ಶೀರ್ಷಿಕೆ ಇದೆ: "ಸ್ವಸಹಾಯ ಸಂಘಗಳು ಮತ್ತು ಮಹಿಳಾ ಸಬಲೀಕರಣ: ಒಂದು ಅಧ್ಯಯನ". ಜಿಲ್ಲೆಯ ಹೆಸರು ಮಾತ್ರ ಬದಲಾಗಿರುತ್ತದೆ. ಶೀರ್ಷಿಕೆ ಹಳೆಯದು ಅಂತ ಕೈಬಿಡಬೇಡಿ, ಒಳಗೆ ಕೆದಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

6. ಸಂದರ್ಶನದ ದಿನ

ಒಬ್ಬರಿಗೆ 15 ನಿಮಿಷ ಅಂದರೆ 40 ಜನಕ್ಕೆ 10 ಗಂಟೆ. ಒಂದೇ ದಿನದಲ್ಲಿ ಮುಗಿಸಲು ಹೋದರೆ ಮಧ್ಯಾಹ್ನದ ಮೇಲೆ ಬಂದವರಿಗೆ ಐದೇ ನಿಮಿಷ ಸಿಗುತ್ತದೆ. ದಿನಕ್ಕೆ 20ರಿಂದ 24 ಜನ ಸಾಕು, ಎರಡು ದಿನ ಇಡಿ ಅಂತ ಮೊದಲೇ ಕೇಳಿ. ಕರೆಯುವುದು ಅರ್ಜಿ ಸಂಖ್ಯೆಯ ಪ್ರಕಾರ ಇರಲಿ, ಪರೀಕ್ಷೆಯ ಅಂಕದ ಪ್ರಕಾರ ಬೇಡ. ಪರೀಕ್ಷೆಯ ಅಂಕ ಸಮಿತಿಯವರ ಕಣ್ಣಿಗೆ ಬೀಳದಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಆಗಲೇ 70 ಸಿಕ್ಕಿದೆ. ಅದನ್ನು ನೋಡಿಕೊಂಡು ಸಂದರ್ಶನಕ್ಕೂ ಅಂಕ ಹಾಕಿದರೆ ಒಂದಕ್ಕೇ ಎರಡು ಸಲ ಕೊಟ್ಟ ಹಾಗೆ.

ಎಲ್ಲರಿಗೂ ಒಂದೇ ಮೊದಲ ಪ್ರಶ್ನೆ ಕೇಳಿ. ಹೆದರಿಕೆ ಇಳಿಯುತ್ತದೆ, ಹೋಲಿಸಲೂ ಸುಲಭ. ಆಮೇಲೆ ಅವರವರ ಸಿನಾಪ್ಸಿಸ್ ಮೇಲೆ ಹೋಗಿ.

ಭಾಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಪದವಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ನಾನು ಮೊದಲ ಸಲ ಸಮಿತಿಯಲ್ಲಿ ಕೂತಾಗ ಒಬ್ಬ ಹುಡುಗಿ ಬಂದಳು, ಅದೇ ಸ್ವಸಹಾಯ ಸಂಘದ ವಿಷಯ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಎರಡು ವಾಕ್ಯ ಹೇಳಿ ತಡವರಿಸಿದಳು. ಸಬಲೀಕರಣ ಅಂದರೇನು ಅಂತ ಕೇಳಿದರೆ ಬಾಯಿಪಾಠದ ವ್ಯಾಖ್ಯೆ ಬಂತು. ನಾನು 11 ಅಂತ ಬರೆದಾಗಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರು "ಕನ್ನಡದಲ್ಲಿ ಹೇಳಮ್ಮಾ, ನೀನೇ ನೋಡಿದ್ದು ಏನು?" ಅಂದರು. ಅವಳು ಹೇಳಿದಳು: "ಸರ್, ಪುಸ್ತಕದಲ್ಲಿ ಸಾಲ ನಮ್ಮ ಚಿಕ್ಕಮ್ಮನ ಹೆಸರಲ್ಲಿದೆ. ದುಡ್ಡು ಖರ್ಚು ಮಾಡಿದ್ದು ಚಿಕ್ಕಪ್ಪ. ವಾರದ ಕಂತು ಕಟ್ಟೋಕೆ ಚಿಕ್ಕಮ್ಮ ಎರಡು ದಿನ ಜಾಸ್ತಿ ಕೂಲಿಗೆ ಹೋಗ್ತಾರೆ. ಸಂಘದ ಲೆಕ್ಕದಲ್ಲಿ ಅವರು ಸಬಲ ಆಗಿದಾರೆ. ಸಾಲ ಯಾರ ಹೆಸರಲ್ಲಿದೆ ಅನ್ನೋದಲ್ಲ ಸರ್, ಅದನ್ನು ಯಾರು ಬಳಸ್ತಾರೆ, ಯಾರು ತೀರಿಸ್ತಾರೆ ಅಂತ ಬೇರೆ ಬೇರೆ ಬರ್ಕೊಂಡು ನೋಡ್ಬೇಕು." ಪ್ರಶ್ನೆ, ಅಳತೆ, ವಿಧಾನ, ಮೂರೂ ಆ ನಾಲ್ಕು ಮಾತಲ್ಲಿ ಇದ್ದವು. ನಾನು 11 ಹೊಡೆದು ಹಾಕಿ 24 ಬರೆದೆ. ಆ ಹಿರಿಯರು ಅವತ್ತು ರಜೆಯಲ್ಲಿದ್ದಿದ್ದರೆ ಅವಳು ಆಯ್ಕೆಯಾಗುತ್ತಿರಲಿಲ್ಲ.

ಹಾಗಾಗಿ ಪ್ರತಿಯೊಬ್ಬರಿಗೂ, ಪ್ರತಿಯೊಬ್ಬರಿಗೂ, ಒಳಗೆ ಬಂದ ತಕ್ಷಣ "ಕನ್ನಡ ಅಥವಾ ಇಂಗ್ಲಿಷ್, ಯಾವುದರಲ್ಲಾದರೂ ಉತ್ತರಿಸಿ" ಅಂತ ಹೇಳಿ. ತಡವರಿಸಿದ ಮೇಲೆ ಹೇಳಿದರೆ ಅದು ದಯೆ ತೋರಿಸಿದ ಹಾಗಾಗುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಂತೂ ಪಿಎಚ್‌ಡಿ ಪ್ರಬಂಧವನ್ನು ಕನ್ನಡದಲ್ಲೇ ಬರೆಯುತ್ತಾರೆ. ಬೇರೆ ಹಲವು ಕಡೆ ಸಮಾಜ ವಿಜ್ಞಾನದಲ್ಲಿ ಕನ್ನಡಕ್ಕೆ ಅವಕಾಶ ಇದೆ. ನಿಮ್ಮಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು ಅಂತಿದ್ದರೆ ಓದುವ ಶಕ್ತಿಯನ್ನು ಬೇರೆಯಾಗಿ ನೋಡಿ. ಒಂದು ಇಂಗ್ಲಿಷ್ ಲೇಖನದ ಒಂದು ಪ್ಯಾರಾ ಕೊಟ್ಟು, ಇದರಲ್ಲಿ ಏನು ಹೇಳಿದ್ದಾರೆ ಅಂತ ಕನ್ನಡದಲ್ಲಿ ಹೇಳಿಸಿ. ಮಾತಾಡುವ ಸಲೀಸು ಬೇರೆ, ಓದಿ ಅರ್ಥ ಮಾಡಿಕೊಳ್ಳೋದು ಬೇರೆ.

ಕೇಳಲೇಬಾರದ ಪ್ರಶ್ನೆಗಳೂ ಇವೆ. "ಮದುವೆ ಆಗಿದೆಯಾ?", "ಮಗು ಚಿಕ್ಕದು, ಹೇಗೆ ನಿಭಾಯಿಸ್ತೀರಿ?", "ಮನೆಯವರು ಒಪ್ಪಿದಾರಾ?" ಇವು ಗಂಡಸರಿಗೆ ಯಾರೂ ಕೇಳದ ಪ್ರಶ್ನೆಗಳು. ನಿಯಮದಲ್ಲೇ ಮಹಿಳೆಯರಿಗೆ 240 ದಿನದವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆಯ ರಜೆಗೆ ಅವಕಾಶ ಇದೆ, ಪಿಎಚ್‌ಡಿ ಮುಗಿಸಲು ಎರಡು ವರ್ಷ ಹೆಚ್ಚುವರಿ ಸಮಯವೂ ಇದೆ. ಹಾಗಿರುವಾಗ ಇದನ್ನು ಕೇಳಿ ನಾವು ಏನು ತಿಳಿಯಬೇಕು? "ನೀವು ಯಾವ ಊರು, ಯಾರ ಪೈಕಿ?" ಅನ್ನೋದೂ ಅಷ್ಟೇ. ಕೇಳುವವರು ಪರಿಚಯಕ್ಕೆ ಅಂತ ಕೇಳಿರಬಹುದು. ಎದುರಿಗೆ ಕೂತವರಿಗೆ ಅದು ಜಾತಿ ಕೇಳಿದ ಹಾಗೇ ಕೇಳಿಸುತ್ತದೆ. ಸಮಿತಿಯ ಹಿರಿಯರು ಇಂಥದ್ದು ಕೇಳಿದರೆ ನೀವು ಚಿಕ್ಕವರು, ತಡೆಯೋದು ಕಷ್ಟ, ಗೊತ್ತು. "ಸರ್, ಸಿನಾಪ್ಸಿಸ್ ಬಗ್ಗೆ ನನ್ನದೊಂದು ಪ್ರಶ್ನೆ ಇತ್ತು" ಅಂತ ತಕ್ಷಣ ನುಗ್ಗಿ. ನಾನು ಹಾಗೇ ಮಾಡುತ್ತಿದ್ದೆ.

7. ಮೊದಲು ಅಂಕ, ಆಮೇಲೆ ಮಾತು

ಅಭ್ಯರ್ಥಿ ಹೊರಗೆ ಹೋದ ತಕ್ಷಣ ಯಾರೂ ಮಾತಾಡಬಾರದು. ಎರಡು ನಿಮಿಷ ಸುಮ್ಮನೆ ಕೂತು ತಮ್ಮ ತಮ್ಮ ಹಾಳೆಯಲ್ಲಿ ಅಂಕ ಬರೆಯಬೇಕು, ಒಂದು ಸಾಲಿನ ಕಾರಣ ಸಮೇತ. "ಹುಡುಗ ಪರವಾಗಿಲ್ಲ ಅಲ್ವಾ?" ಅಂತ ಅಧ್ಯಕ್ಷರು ಅಂದುಬಿಟ್ಟರೆ ಉಳಿದ ಹಾಳೆಗಳೆಲ್ಲ ಅತ್ತ ವಾಲುತ್ತವೆ.

ಇನ್ನೊಂದು ಲೆಕ್ಕ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಮೂವರು ಸದಸ್ಯರಲ್ಲಿ ಇಬ್ಬರು ಎಲ್ಲರಿಗೂ 18ರಿಂದ 22ರೊಳಗೆ ಹಾಕುತ್ತಾರೆ, ಮೂರನೆಯವರು 8ರಿಂದ 28ರವರೆಗೆ ಹಾಕುತ್ತಾರೆ ಅಂದುಕೊಳ್ಳಿ. ಮೊದಲ ಅಭ್ಯರ್ಥಿಗೆ 22, 21, 10 ಬಂತು. ಸರಾಸರಿ 17.67. ಎರಡನೆಯವರಿಗೆ 18, 18, 28 ಬಂತು. ಸರಾಸರಿ 21.33. ಇಬ್ಬರು ಸದಸ್ಯರು ಮೊದಲನೆಯವರೇ ಮೇಲು ಅಂದರೂ ಗೆದ್ದದ್ದು ಎರಡನೆಯವರು. ಪರೀಕ್ಷೆಯಲ್ಲಿ ನೂರಕ್ಕೆ 5 ಅಂಕ ಜಾಸ್ತಿ ಇದ್ದರೂ ಮೊದಲನೆಯವರು ಹಿಂದೆಯೇ ಉಳಿಯುತ್ತಾರೆ. ಅಂದರೆ ಆಯ್ಕೆ ಮಾಡಿದ್ದು ಆ ಒಬ್ಬ ಸದಸ್ಯರು.

ಇದಕ್ಕೆ ಮದ್ದು ಎರಡು. ನಾಲ್ಕನೆಯ ಹಂತದಲ್ಲಿ ಹೇಳಿದ 2, 5, 8ರ ವಿವರಣೆ ಒಂದು. ಇನ್ನೊಂದು, ಯಾವ ಇಬ್ಬರು ಸದಸ್ಯರ ಅಂಕದ ನಡುವೆಯಾದರೂ 8ಕ್ಕಿಂತ ಜಾಸ್ತಿ ಅಂತರ ಬಂದರೆ ಇಬ್ಬರೂ ಕಾರಣ ಹೇಳಬೇಕು ಅಂತ ಮೊದಲೇ ಒಪ್ಪಿಕೊಳ್ಳೋದು. ಕಾರಣ ಕೇಳಿದ ಮೇಲೆ ಅಂಕ ಬದಲಿಸಬೇಕು ಅನ್ನಿಸಿದರೆ ಹಳೆಯದನ್ನು ಒಂದು ಗೆರೆ ಎಳೆದು ಹೊಡೆದು, ಹೊಸದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಿ. ವೈಟ್‌ನರ್ ಮುಟ್ಟಬೇಡಿ. ಪೆನ್ಸಿಲ್ಲೂ ಬೇಡ.

ಎಲ್ಲರಿಗೂ 22, 23 ಅಂತ ಹಾಕಿ ಯಾರಿಗೂ ಬೇಜಾರು ಮಾಡದೆ ಎದ್ದು ಬರುವವರೂ ಇದ್ದಾರೆ. ಅವರು ಸಂದರ್ಶನವನ್ನೇ ಮಾಡಿಲ್ಲ ಅಂತ ಅರ್ಥ.

8. ಶಿಫಾರಸಿನ ಫೋನ್

ಬರುತ್ತದೆ. ಹಿಂದಿನ ದಿನ ರಾತ್ರಿ ಬರುತ್ತದೆ. "ನಮ್ಮ ಕಡೆ ಹುಡುಗ, ಸ್ವಲ್ಪ ನೋಡ್ಕೊಳ್ಳಿ." ಮುಖ ಮುರಿದು ಮಾತಾಡಬೇಕಿಲ್ಲ. "ಚೆನ್ನಾಗಿ ತಯಾರಾಗಿ ಬರೋಕೆ ಹೇಳಿ ಸರ್" ಅಂದು ಇಟ್ಟುಬಿಡಿ. ಹೆಸರು ಬರೆದುಕೊಳ್ಳಬೇಡಿ, ಯಾಕೆಂದರೆ ಬರೆದುಕೊಂಡ ಹೆಸರು ಮರುದಿನ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಿಮ್ಮದೇ ನೆಂಟರು ಅಥವಾ ಮನೆಯವರ ಕಡೆಯವರು ಅಭ್ಯರ್ಥಿಯಾಗಿದ್ದರೆ ಅಧ್ಯಕ್ಷರಿಗೆ ಬರೆದು ಕೊಟ್ಟು, ಆ ಸಂದರ್ಶನದ ಹೊತ್ತಿಗೆ ಎದ್ದು ಹೊರಗೆ ಹೋಗಿ. ನಿಮ್ಮ ಹತ್ತಿರವೇ ಎಂಎ ಓದಿದವರಾದರೆ ಎದ್ದು ಹೋಗಬೇಕಿಲ್ಲ, ಆದರೆ ಮೊದಲ ಪ್ರಶ್ನೆ ಬೇರೆಯವರು ಕೇಳಲಿ.

9. ಪಟ್ಟಿ, ಗೈಡ್, ಫೈಲ್

ಒಟ್ಟು ಅಂಕವನ್ನು ಇಬ್ಬರು ಬೇರೆ ಬೇರೆಯಾಗಿ ಕೂಡಿಸಿ ನೋಡಿ. ಎಕ್ಸೆಲ್‌ನಲ್ಲಿ ಒಂದು ಸಾಲು ಜಾರಿದರೆ ಒಬ್ಬರ ಅಂಕ ಇನ್ನೊಬ್ಬರಿಗೆ ಹೋಗುತ್ತದೆ. ಅಂಕ ಸಮವಾದರೆ ಏನು ಮಾಡಬೇಕು ಅನ್ನೋದು ನಿಯಮದಲ್ಲಿ ಇರಬೇಕು. ವೇಟಿಂಗ್ ಲಿಸ್ಟನ್ನು ಅದೇ ದಿನ, ಪ್ರವರ್ಗದ ಪ್ರಕಾರ, ಸಹಿ ಹಾಕಿ ಮುಗಿಸಿ. ಜೆಆರ್‌ಎಫ್ ಆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಅದನ್ನು ಹಿಡಿದು ಬರುವವರಿಗೆ ನಾಲ್ಕು ಕಡೆ ಬಾಗಿಲು ತೆರೆದಿರುತ್ತದೆ, ಕೊನೆ ಗಳಿಗೆಯಲ್ಲಿ ಬೇರೆ ಕಡೆ ಹೋಗುವುದು ಸಹಜ. ಆ ಸೀಟು ಖಾಲಿ ಬಿಡಬಾರದು, ಪಟ್ಟಿಯಲ್ಲಿ ಮುಂದಿನವರಿಗೆ ಅವತ್ತೇ ತಿಳಿಸಬೇಕು.

ಗೈಡ್ ಹಂಚುವಾಗ ಸೀಟು ಖಾಲಿ ಇದೆ ಅನ್ನುವುದೊಂದೇ ಕಾರಣ ಆಗದಿರಲಿ. ಕೃಷಿ ಸಾಲದ ಬಗ್ಗೆ ಕೆಲಸ ಮಾಡಬೇಕು ಅಂದವರನ್ನು ಅಂತರರಾಷ್ಟ್ರೀಯ ವ್ಯಾಪಾರದ ಗೈಡ್ ಹತ್ತಿರ ಹಾಕಿದರೆ ಎರಡನೇ ವರ್ಷಕ್ಕೆ ವಿಷಯ ಬದಲಾಗುತ್ತದೆ, ಮೂರನೇ ವರ್ಷಕ್ಕೆ ಮಾತು ನಿಲ್ಲುತ್ತದೆ. ಹಂಚುವ ಮೊದಲು ಇಬ್ಬರನ್ನೂ ಅರ್ಧ ಗಂಟೆ ಎದುರುಬದುರು ಕೂರಿಸಿ. ವಿಭಾಗದಲ್ಲಿ ಆ ವಿಷಯದವರು ಇಲ್ಲದಿದ್ದರೆ ಬೇರೆ ವಿಭಾಗದಿಂದ ಕೋ-ಗೈಡ್ ತರಬಹುದು.

ಸದಸ್ಯರ ಕೈಬರಹದ ಹಾಳೆಗಳನ್ನು ಎಸೆಯಬೇಡಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಬಂದರೆ, ಕೋರ್ಟಿಗೆ ಹೋದರೆ, ನಿಮ್ಮ ಪರವಾಗಿ ಮಾತಾಡೋದು ಅವೇ. ಅಂಕದ ಹಾಳೆ, ಹಾಜರಿ ಪಟ್ಟಿ, ಸಂಬಂಧಿಕರಿದ್ದಾರೆ ಅಂತ ಬರೆದುಕೊಟ್ಟ ಪತ್ರ, ಸಮಿತಿಯ ನಡಾವಳಿ, ಇಷ್ಟನ್ನೂ ಒಂದೇ ಲಕೋಟೆಗೆ ಹಾಕಿ, ಮೊಹರು ಮಾಡಿಸಿ, ಕಚೇರಿಗೆ ಕೊಟ್ಟು ರಸೀದಿ ತಗೊಳ್ಳಿ.

ಆಯ್ಕೆಯಾಗದವರು ಒಂದು ವಾರದೊಳಗೆ ಬಂದು ಕೇಳುತ್ತಾರೆ, ನಮ್ಮಲ್ಲಿ ಏನು ಕಡಿಮೆ ಆಯಿತು ಅಂತ. ಹಾಳೆಯಲ್ಲಿ ಬರೆದ ಆ ಒಂದು ಸಾಲಿನ ಕಾರಣ ಆಗ ಕೈಗೆ ಬರುತ್ತದೆ. ಬೇರೆಯವರ ಅಂಕ ಹೇಳಬೇಡಿ. ಅವರದ್ದನ್ನೇ ಬಿಡಿಸಿ ಹೇಳಿ: "ವಿಷಯ ಚೆನ್ನಾಗಿ ಗೊತ್ತಿದೆ, ಆದರೆ ಮಾಹಿತಿ ಎಲ್ಲಿಂದ ತರ್ತೀರಿ ಅಂತ ಕೇಳಿದಾಗ ಉತ್ತರ ಇರಲಿಲ್ಲ. ಮುಂದಿನ ನೋಟಿಫಿಕೇಷನ್‌ಗೆ ಮೊದಲು ಎರಡು ಹಳ್ಳಿಗೆ ಹೋಗಿ ನೋಡಿಕೊಂಡು ಬನ್ನಿ."